‘ಶೇ 90 ಮುಗಿದಿದೆ’ ಎನ್ನುವ ಹೊರಗುತ್ತಿಗೆ ತಂಡದಿಂದ ಕೆಲಸ ಪಡೆಯುವುದು ಹೇಗೆ?

ಪ್ರಶ್ನೆ: ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸವನ್ನು ಹೊರಗಿನ ತಂಡಕ್ಕೆ ಗುತ್ತಿಗೆ ಕೊಟ್ಟಿದ್ದೇವೆ. ಎರಡು ತಿಂಗಳಿಂದ ಪ್ರತಿ ವಾರವೂ ‘ಶೇ 90 ಮುಗಿದಿದೆ’ ಎಂಬ ವರದಿ ಬರುತ್ತಿದೆ. ದಿನಕ್ಕೆರಡು ಸಲ ಫೋನ್ ಮಾಡಿದರೂ ಪ್ರಯೋಜನವಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಶೇಕಡಾ ಲೆಕ್ಕ ಕೇಳುವುದನ್ನು ಬಿಡಿ. ತಂಡದ ಕಣ್ಣಿಗೆ ಶೇ 90 ಎಂದರೆ ಕೋಡ್ ಬರೆದಾಗಿದೆ ಎಂದಷ್ಟೇ. ಪರೀಕ್ಷೆ, ಹಳೆಯ ದತ್ತಾಂಶದ ವರ್ಗಾವಣೆ, ಬೇರೆ ವ್ಯವಸ್ಥೆಗಳೊಂದಿಗೆ ಜೋಡಣೆ, ಬಳಸುವವರ ಕೈಗೆ ಹೋದಾಗ ಹೊರಬೀಳುವ ದೋಷಗಳು ಎಲ್ಲವೂ ಉಳಿದ ಹತ್ತರಲ್ಲಿ ಅಡಗಿರುತ್ತವೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದೇನೂ ಅಲ್ಲ. ‘ಮುಗಿಯಿತು’ ಎನ್ನುವುದು ಯಾವಾಗ ಎಂದು ಬಹುಶಃ ಒಪ್ಪಂದದಲ್ಲಿ ಬರೆದೇ ಇಲ್ಲ.

ಉಳಿದ ಕೆಲಸವನ್ನು ಒಂದೆರಡು ವಾರದಲ್ಲಿ ಮುಗಿಯುವ ತುಂಡುಗಳಾಗಿ ಒಡೆದು, ಪ್ರತಿಯೊಂದಕ್ಕೂ ಸ್ವೀಕಾರದ ಷರತ್ತು ಬರೆಯಿರಿ. ‘ವೇಗವಾಗಿರಬೇಕು’ ಎನ್ನುವುದು ಷರತ್ತಲ್ಲ. ‘500 ಸಾಲುಗಳ ಕಡತ ಹಾಕಿದರೆ 10 ಸೆಕೆಂಡಿನೊಳಗೆ ಸೇರಬೇಕು, ತಪ್ಪಿರುವ ಸಾಲುಗಳು ಬೇರೆ ಪಟ್ಟಿಯಾಗಿ ಕಾಣಬೇಕು’ ಎನ್ನುವುದು ಷರತ್ತು. ಫಲಿತಾಂಶ ಪಾಸು ಇಲ್ಲವೇ ಫೇಲು, ನಡುವೆ ಏನೂ ಇಲ್ಲ. ವಾರದ ಸಭೆಗೆ 30 ನಿಮಿಷ ಸಾಕು. ಅದರಲ್ಲಿ ಸ್ಲೈಡ್ ಬೇಡ. ನಿಮ್ಮ ಪರೀಕ್ಷಾ ಸರ್ವರ್‌ನಲ್ಲಿ ನಡೆಯುವುದನ್ನು ನಿಮ್ಮವರೇ ಕೈಯಾರೆ ಒತ್ತಿ ನೋಡಲಿ. ಅವರ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಲೆಕ್ಕಕ್ಕಿಲ್ಲ.

ಹಣವೂ ಈ ತುಂಡುಗಳ ಹಿಂದೆಯೇ ಹೋಗಲಿ. ಹೊಸ ಒಪ್ಪಂದವಾದರೆ ಮುಂಗಡ ಶೇ 20ರ ಆಸುಪಾಸು, ಉಳಿದದ್ದು ಪಾಸಾದ ತುಂಡಿಗೆ ತಕ್ಕಂತೆ, ಕೊನೆಯ ಶೇ 10 ಮಾತ್ರ ಬಳಕೆ ಶುರುವಾಗಿ 30 ದಿನ ಕಳೆದ ಮೇಲೆ. ಆದರೆ ಪಾಸಾದದ್ದರ ಹಣವನ್ನು ಒಂದು ದಿನವೂ ತಡಮಾಡಬೇಡಿ. ಪಾವತಿ ಎಳೆಯುವ ಗಿರಾಕಿಯ ಕೆಲಸದಿಂದ ನುರಿತವರನ್ನು ತೆಗೆದು ಹೊಸಬರನ್ನು ಕೂರಿಸುವುದು ಈ ವ್ಯವಹಾರದಲ್ಲಿ ಅಪರೂಪವಲ್ಲ.

ಇನ್ನು ನಿಮ್ಮ ಕಚೇರಿಯೊಳಗೆ ನೋಡಿ. ಮಾರಾಟ ವಿಭಾಗ ಒಂದು ಹೇಳುತ್ತದೆ, ಲೆಕ್ಕಪತ್ರದವರು ಇನ್ನೊಂದು, ಮಾಲೀಕರು ರಾತ್ರಿ ಫೋನಿನಲ್ಲಿ ಮತ್ತೊಂದು. ತೀರ್ಮಾನ ಹೇಳುವ ಹಕ್ಕು ಒಬ್ಬರಿಗೇ ಇರಲಿ. ತಂಡದ ಪ್ರತಿ ಪ್ರಶ್ನೆಯನ್ನೂ ಒಂದು ಹಾಳೆಯಲ್ಲಿ ದಾಖಲಿಸಿ: ಕೇಳಿದ ದಿನ, ಉತ್ತರಿಸಿದ ದಿನ. ಉತ್ತರಕ್ಕೆ ಒಂದು ಕೆಲಸದ ದಿನ, ಪರಿಶೀಲನೆಗೆ ಮೂರು ದಿನ ಎಂದು ಗಡುವು ಹಾಕಿಕೊಳ್ಳಿ. ತಿಂಗಳು ಕಳೆದು ಆ ಹಾಳೆ ನೋಡಿದರೆ ತಡ ಯಾರದೆಂದು ವಾದಿಸಬೇಕಾಗುವುದಿಲ್ಲ. ಬಾಯಿಮಾತಿನ ‘ಚಿಕ್ಕ ಬದಲಾವಣೆ’ ಎಲ್ಲಕ್ಕಿಂತ ದುಬಾರಿ. ನಿಗದಿತ ಮೊತ್ತದ ಗುತ್ತಿಗೆಯಲ್ಲಿ ಅದರ ಖರ್ಚನ್ನು ತಂಡ ಎಲ್ಲಿಂದಲಾದರೂ ಹೊಂದಿಸಬೇಕು, ಸಾಮಾನ್ಯವಾಗಿ ಕತ್ತರಿ ಬೀಳುವುದು ಪರೀಕ್ಷೆಯ ಸಮಯಕ್ಕೆ. ಎಷ್ಟು ದಿನ, ಎಷ್ಟು ಹಣ ಎಂದು ಬರೆದು ಸಹಿ ಹಾಕಿದ ಮೇಲೆಯೇ ಬದಲಾವಣೆ ಶುರುವಾಗಲಿ.

ದಿನಕ್ಕೆರಡು ಫೋನ್ ನಿಲ್ಲಿಸಿ. ಅದರಲ್ಲೂ ಒಬ್ಬರೇ ದುಡಿಯುವ ಗುತ್ತಿಗೆದಾರರ ವೇಳೆಯನ್ನೂ ವಿಧಾನವನ್ನೂ ನೀವೇ ನಿಯಂತ್ರಿಸಿದರೆ, ಹಲವು ದೇಶಗಳ ಕಾನೂನು ಅವರನ್ನು ನಿಮ್ಮ ನೌಕರರೆಂದು ಎಣಿಸಬಹುದು. ಆಗ ತೆರಿಗೆ, ಸೌಲಭ್ಯಗಳ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ.

ಕೋಡ್ ಭಂಡಾರ (ಬರೆದ ಕೋಡ್ ಎಲ್ಲ ಕೂಡಿಟ್ಟಿರುವ ಖಾತೆ), ಡೊಮೇನ್ (ಜಾಲವಿಳಾಸ), ಕ್ಲೌಡ್ ಖಾತೆ (ಸಾಫ್ಟ್‌ವೇರ್ ಓಡುವ ಬಾಡಿಗೆ ಸರ್ವರ್‌ಗಳ ಖಾತೆ) ಯಾರ ಹೆಸರಲ್ಲಿವೆ? ತಂಡದ ಹೆಸರಲ್ಲಿದ್ದರೆ ಇದೇ ವಾರ ನಿಮ್ಮ ಸಂಸ್ಥೆಗೆ ವರ್ಗಾಯಿಸಿಕೊಳ್ಳಿ. ಕೃತಿಸ್ವಾಮ್ಯವನ್ನೂ ಬರಹದಲ್ಲಿ ಪಡೆಯಿರಿ. ಹಣ ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗದ ದೇಶಗಳು ಹಲವು.

ಸತತ ಎರಡು ತುಂಡು ಫೇಲಾದರೆ, ಹೊರಗಿನ ಒಬ್ಬ ಎಂಜಿನಿಯರ್‌ಗೆ ಭಂಡಾರದಲ್ಲಿರುವ ಸೂಚನೆಯಷ್ಟನ್ನೇ ಕೊಟ್ಟು, ಖಾಲಿ ಯಂತ್ರದಲ್ಲಿ ಇಡೀ ವ್ಯವಸ್ಥೆಯನ್ನು ಓಡಿಸಲು ಹೇಳಿ. ಒಂದೆರಡು ದಿನದಲ್ಲಿ ಓಡಿದರೆ ತಂಡ ಬದಲಿಸಬಹುದು. ಓಡದಿದ್ದರೆ ನೋಟಿಸ್ ಕೊಡುವ ಮುನ್ನ, ಹಸ್ತಾಂತರದ ದಾಖಲೆಯನ್ನೇ (ಹೊಸಬರು ವ್ಯವಸ್ಥೆಯನ್ನು ಓಡಿಸಲು ಬೇಕಾದ ಸೂಚನೆಗಳನ್ನು) ಒಂದು ತುಂಡಾಗಿ ಮಾಡಿ, ಅದಕ್ಕೆ ಪ್ರತ್ಯೇಕ ಹಣ ಕೊಟ್ಟು ಬರೆಸಿಕೊಳ್ಳಿ.