ನೂರು ಯಾವುದರ ನೂರು?

ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಕೊಡುವ ಕೆಲಸ: ಶೇ 20ರ ಉಪ್ಪಿನ ದ್ರಾವಣ ಮಾಡಿ ತನ್ನಿ, ತೂಕಕ್ಕೆ ತೂಕದ ಲೆಕ್ಕದಲ್ಲಿ. ಹೆಚ್ಚಿನವರು 20 ಗ್ರಾಂ ಸೋಡಿಯಂ ಕ್ಲೋರೈಡ್ ತೂಗುತ್ತಾರೆ, 100 ಮಿ.ಲೀ. ನೀರು ಅಳೆಯುತ್ತಾರೆ, ಸುರಿದು ಕಲಕಿ, ಲೇಬಲ್ ಅಂಟಿಸಿ ತಂದಿಡುತ್ತಾರೆ. ಒಟ್ಟು ತೂಕ ಈಗ 120 ಗ್ರಾಂ, ಅದರಲ್ಲಿ ಉಪ್ಪು 20. ಭಾಗಿಸಿ ನೋಡಿ, ಶೇ 16.67.

'ನೂರಕ್ಕೆ ಇಪ್ಪತ್ತು ಅಂತ ತಾನೇ ಸರ್ ನೀವು ಹೇಳಿದ್ದು?' ಹೌದಪ್ಪ, ನೂರಕ್ಕೇ. ಆದರೆ ಆ ನೂರು ನೀರಿನದ್ದಲ್ಲ, ನೀರು ಉಪ್ಪು ಎರಡೂ ಸೇರಿದ್ದರದ್ದು. ಕರಗಿಸುವ ನೀರು ದ್ರಾವಕ, ಕರಗಿ ಸೇರಿದ ಒಟ್ಟು ದ್ರಾವಣ: ನಡುವೆ ಇರುವುದು ಒಂದೇ ಅಕ್ಷರ, ಎಲ್ಲರೂ ಎಡವುವುದೂ ಅಲ್ಲೇ. 20 ಗ್ರಾಂ ಉಪ್ಪಿಗೆ 80 ಗ್ರಾಂ ನೀರು, ಅಷ್ಟೇ. ಇನ್ನೂ ನಂಬಿಕೆ ಬರದಿದ್ದರೆ ನಿಮ್ಮ ವಿಧಾನದಲ್ಲೇ 'ಶೇ 100'ರ ಸಕ್ಕರೆ ದ್ರಾವಣ ಮಾಡಿ. 100 ಗ್ರಾಂ ಸಕ್ಕರೆ, 100 ಗ್ರಾಂ ನೀರು. ಅರ್ಧಕ್ಕರ್ಧ ನೀರೇ ಇರುವ ಬೀಕರಿಗೆ ಶೇ 100 ಎಂಬ ಲೇಬಲ್!

ಲೆಕ್ಕ ತೂಕಕ್ಕೆ ಘನಗಾತ್ರದ್ದಾದರೂ, ಅಂದರೆ 100 ಮಿ.ಲೀ.ಗೆ ಇಷ್ಟು ಗ್ರಾಂ ಎಂದಾದರೂ, ಆ ನೂರು ದ್ರಾವಣದ್ದೇ. 50 ಗ್ರಾಂ ಸಕ್ಕರೆಯನ್ನು 100 ಮಿ.ಲೀ. ನೀರಿಗೆ ಹಾಕಿದರೆ ಮಟ್ಟ ಸುಮಾರು 130ಕ್ಕೆ ಏರಿ ಕೂರುತ್ತದೆ. ಅದಕ್ಕೇ ಸ್ವಲ್ಪ ನೀರಿನಲ್ಲಿ ಕರಗಿಸಿ, ವಾಲ್ಯೂಮೆಟ್ರಿಕ್ ಫ್ಲಾಸ್ಕಿಗೆ (ಕತ್ತಿನಲ್ಲಿ ನಿಖರ ಅಳತೆಯ ಗುರುತಿರುವ ಗಾಜಿನ ಪಾತ್ರೆ) ಸುರಿದು, ಬೀಕರನ್ನು ತೊಳೆದ ನೀರನ್ನೂ ಅದಕ್ಕೇ ಸೇರಿಸಿ, ಆಮೇಲೆ ಗುರುತಿನವರೆಗೆ ತುಂಬುವುದು. ಕರಗುವಾಗ ಬಿಸಿಯಾಗಿದ್ದರೆ ಪೂರ್ತಿ ಆರಲಿ, ಆಮೇಲೆ ತುಂಬಿ.

ಈ ತಪ್ಪು ಇಷ್ಟು ವರ್ಷ ಸಿಕ್ಕಿಬೀಳದೆ ಉಳಿಯಲು ಕಾರಣವಿದೆ. 1 ಗ್ರಾಂ ಉಪ್ಪನ್ನು 100 ಗ್ರಾಂ ನೀರಿಗೆ ಹಾಕಿದರೆ ಶೇ 0.99. ಯಾರಿಗೂ ತೊಂದರೆಯಿಲ್ಲ, ಯಾರೂ ಬೈಯುವುದಿಲ್ಲ. ತೆಳು ದ್ರಾವಣದಲ್ಲಿ ಕಲಿತ ಕೈ ಗಟ್ಟಿ ದ್ರಾವಣಕ್ಕೆ ಬಂದಾಗ ಪೆಟ್ಟು ತಿನ್ನುತ್ತದೆ.

ಆಮ್ಲದವರ ಕಥೆ ಬೇರೆ. ಬಾಟಲಿಯ ಹೈಡ್ರೋಕ್ಲೋರಿಕ್ ಆಮ್ಲ 10 ಮಿ.ಲೀ., ನೀರು 90, ಲೇಬಲ್ ಶೇ 10. ಬಾಟಲಿಯಲ್ಲಿರುವುದೇ ಶೇ 37, ಸಾಂದ್ರತೆ ಮಿ.ಲೀ.ಗೆ 1.18 ಗ್ರಾಂ ಎಂದುಕೊಂಡರೆ ಕೈಗೆ ಬಂದದ್ದು ಶೇ 4.3ರ ಆಸುಪಾಸು. ನಿಜವಾಗಿ ಶೇ 10 ಬೇಕಿದ್ದರೆ 27 ಗ್ರಾಂ ಆಮ್ಲ, 73 ಗ್ರಾಂ ನೀರು. ನೀರಿಗೆ ಆಮ್ಲ, ತಿರುಗಾಮುರುಗಾ ಬೇಡ. ನಾನು ಕೊಟ್ಟ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ, ನಿಮ್ಮ ಬಾಟಲಿಯ ಮೇಲಿನದ್ದು ನೋಡಿ. ಬಹಳ ದಿನ ತೆರೆದಿಟ್ಟದ್ದಾದರೆ ಅದೂ ಸಾಲದು, ಟೈಟ್ರೇಷನ್ ಮಾಡಿಯೇ, ಅಂದರೆ ಪ್ರಮಾಣ ಗೊತ್ತಿರುವ ದ್ರಾವಣದೊಂದಿಗೆ ವರ್ತಿಸಲು ಬಿಟ್ಟು ಆಮ್ಲ ಎಷ್ಟಿದೆ ಎಂದು ಅಳೆದೇ ಬಳಸಿ. ಮೈಲುತುತ್ತದಂಥ ಹರಳಾದರೆ ಒಳಗಿನ ನೀರನ್ನೂ ಲೆಕ್ಕ ಹಿಡಿಯಬೇಕು: ನೀರು ಬಿಟ್ಟು 5 ಗ್ರಾಂ ಕಾಪರ್ ಸಲ್ಫೇಟ್ ಬೇಕೆಂದರೆ ನೀಲಿ ಹರಳು 7.82 ಗ್ರಾಂ ತೂಗಬೇಕು.

ಮೊನ್ನೆ ಒಬ್ಬ ಹುಡುಗಿ ಆ 16.67ರ ಬೀಕರ್ ಹಿಡಿದು ನಿಂತಿದ್ದಳು. ಚುರುಕು ಹುಡುಗಿ. ಚೆಲ್ಲುವುದು ಬೇಡ, ಸರಿಪಡಿಸು ಎಂದೆ. ಪೆನ್ ತೆಗೆದಳು. 120 ಗ್ರಾಮಿನ ಶೇ 20 ಎಂದರೆ 24, ಈಗಿರುವುದು 20, ಆದ್ದರಿಂದ ಇನ್ನೂ 4 ಗ್ರಾಂ ಎಂದು ಬರೆದಳು. ನಾನು ಏನೂ ಹೇಳಲಿಲ್ಲ. 4 ಗ್ರಾಂ ತೂಗಿದಳು, ಕಾಗದವನ್ನು ಬೀಕರಿನ ಮೇಲೆ ಬಾಗಿಸಿದಳು, ಹಾಗೇ ನಿಂತಳು. 'ಸರ್, ಇದನ್ನ ಹಾಕಿದ್ರೆ ಒಟ್ಟು ತೂಕ 124 ಆಗುತ್ತಲ್ವಾ?' ಕಾಗದ ಕೆಳಗಿಟ್ಟು ಇನ್ನೊಂದು ಸಲ ಲೆಕ್ಕ ಮಾಡಿದಳು. ನೀರು 100 ಗ್ರಾಂ ಇದೆ, ಅದು ಒಟ್ಟಿನ ಶೇ 80 ಆಗಬೇಕು, ಹಾಗಾದರೆ ಒಟ್ಟು 125. ಕಾಗದವನ್ನು ಮತ್ತೆ ತಕ್ಕಡಿಗಿಟ್ಟು, ಚಮಚದ ತುದಿಯಲ್ಲಿ ಇನ್ನೊಂದು ಗ್ರಾಂ ಉದುರಿಸಿದಳು.