ಬಿಟ್ಟಿದ್ದು ಹೊಲಿಗೆ ಅಲ್ಲ, ಬಟ್ಟೆ

ಬಂಡಿಹಬ್ಬ, ಮದುವೆ ಸೀಸನ್ ಎಲ್ಲಾ ಒಟ್ಟಿಗೆ ಬರೋ ಏಪ್ರಿಲ್-ಮೇನಲ್ಲಿ ಅಂಕೋಲಾದ ನಮ್ಮ ಟೈಲರ್ ಅಂಗಡಿಗೆ ಬ್ಲೌಸ್ ರಿಪೇರಿಗೆ ಬರೋರದ್ದೆಲ್ಲ ಒಂದೇ ಮಾತು, "ಹೊಲಿಗೆ ಬಿಟ್ಟೋಯ್ತು, ಈ ಸಲ ಗಟ್ಟಿ ದಾರದಲ್ಲಿ ಒತ್ತಾಗಿ ಎರಡೆರಡು ಸಲ ಹೊಲೀರಿ". ಒಳಮಗ್ಗಲು ತಿರುಗಿಸಿ ನೋಡಿದ್ರೆ ಹೊಲಿಗೆ ಹಾಕಿದ ಹಾಗೇ ಇರ್ತದೆ ಮಾರಾಯ್ರೆ, ಪಿಸಿದಿರೋದು ಅದರ ಪಕ್ಕದ ಬಟ್ಟೆ.

ದಾರ ಕಡಿದು ಬಿಟ್ಟಿದ್ರೆ ಎರಡೂ ಬದಿ ಬಟ್ಟೆ ನೆಟ್ಟಗಿರ್ತದೆ, ಸೂಜಿ ತೂತಿನ ಸಾಲು ಕಾಣ್ತದೆ, ಅದು ಕೂತಲ್ಲೇ ಹೊಲಿದು ಕೊಡೋ ಕೆಲಸ. ಆದ್ರೆ ತೆಳು ರೇಷ್ಮೆ, ಸ್ಯಾಟಿನ್, ಆರ್ಗಾನ್ಜಾದಲ್ಲಿ ಹೊಲಿಗೆ ಪಕ್ಕ ಉದ್ದದ ಎಳೆ ಸರಿದು ಬರೀ ಅಡ್ಡ ಎಳೆ ತೆಳ್ಳಗೆ ಕಾಣ್ತಿದ್ರೆ ಅದು ಬಿಗಿ ಜಾಸ್ತಿಯಾಗಿ ಬಟ್ಟೆ ಸೋತಿದ್ದು. ಅದರಲ್ಲೂ ಕಂಕುಳ ಹತ್ರ, ನಮ್ಮ ಕರಾವಳಿ ಬೆವರಿಗೆ ರೇಷ್ಮೆ ಅಲ್ಲೇ ಮೊದಲು ಸವೆಯೋದು. ಅಲ್ಲಿಗೆ ಗಟ್ಟಿ ದಾರ ಹಾಕಿದ್ರೆ ಎಂತ ಆಗ್ತದೆ? ದಾರ ಉಳೀತದೆ, ಬಟ್ಟೆ ಹರೀತದೆ. ದಾರ ಯಾವಾಗ್ಲೂ ಬಟ್ಟೆಗಿಂತ ಒಂಚೂರು ಮೆತ್ತಗೇ ಇರ್ಬೇಕು, ಜಗ್ಗಿದಾಗ ಅದೇ ಮೊದಲು ಕಡೀಬೇಕು, ಯಾಕಂದ್ರೆ ದಾರ ಮತ್ತೆ ಹಾಕ್ಬಹುದು, ಹರಿದ ಸೀರೆ ಬ್ಲೌಸ್ ಪೀಸು ಮತ್ತೆ ಎಲ್ಲಿಂದ ತರೋದು. ಒತ್ತಾಗಿ ಹೊಲಿಯೋದೂ ಹಾಗೇ, ಇಂಚಿಗೆ 10ರ ಸುಮಾರು ಹೊಲಿಗೆ ಬಿದ್ರೆ ಸಾಕು, 20 ಹಾಕಿದ್ರೆ ತೂತಿನ ಮೇಲೆ ತೂತು ಬಿದ್ದು ರಸೀದಿ ಪುಸ್ತಕದ ಹಾಳೆ ಹರಿದ ಹಾಗೆ ನೀಟಾಗಿ ಹರಿದು ಬರ್ತದೆ. ಆದ್ರೆ ಎಳೆ ಸರಿಯೋ ಬಟ್ಟೆಗೆ 11 ನಂಬರಿನ ತೆಳು ಸೂಜಿಯಲ್ಲಿ ಸ್ವಲ್ಪ ಸಣ್ಣ ಹೊಲಿಗೆ ಹಾಕಿದ್ರೆ ಉಪಯೋಗ ಇಲ್ಲ ಅಂತಲ್ಲ, ಬಟ್ಟೆ ಮುಟ್ಟಿ ನೋಡದೆ ಖಾತ್ರಿ ಹೇಳೋಕಾಗಲ್ಲ.

ಶಾಲೆಯ ಟೀಚರ್ ಒಬ್ರು ಅಕ್ಕೋರು ಹೀಗೇ ಜಗಳಕ್ಕೆ ಬಂದಿದ್ರು. "ಬೋರ್ಡಿನ ಮೇಲೆ ಬರೀವಾಗ ಕೈ ಹೆಂಗೆ ಎತ್ತುತ್ರಿ, ಹಂಗೇ ಎತ್ತಿ ಅಕ್ಕೋರೆ" ಅಂದೆ, ಎತ್ತಿದ್ರು, ಬೆನ್ನು ತೋಳು ಸೇರೋ ಜಾಗ ಪೂರ್ತಿ ಜಗ್ಗಿ ನಿಂತ್ಕೊಳ್ತು. ಅಳತೆಗೆ ಕೊಟ್ಟಿದ್ದು ಬಾಣಂತನದ ಮೊದಲಿನ ಬ್ಲೌಸು! ಸೈಡಿನ ಹೊಲಿಗೆ ಬಿಚ್ಚಿ ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆ ಹೊರಗೆ ಬಿಟ್ಟು ಲೂಸ್ ಮಾಡಿ, ಸೋತ ಜಾಗಕ್ಕೆ ಒಳಗಿಂದ ಫ್ಯೂಸಿಂಗ್ ಅಂದ್ರೆ ಇಸ್ತ್ರಿ ಹಾಕಿ ಅಂಟಿಸೋ ಬಟ್ಟೆ ಅಂಟಿಸಿದ್ದೆ. ಈಗ ಅವರ ಮಗಳ ಡ್ರೆಸ್ಸೂ ನಮ್ಮಲ್ಲೇ.

ಬಿಗಿ ಇಲ್ದಿದ್ರೆ ಹಳೇ ಬಟ್ಟೆನೂ ತಡೀತದೆ ಅನ್ನೋದಕ್ಕೆ ಯಲ್ಲಾಪುರ, ಹಳಿಯಾಳ ಬದಿ ಸಿದ್ದಿ ಹೆಂಗಸರು ಹೊಲಿಯೋ ಕೌದಿ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ, ಕವಂದಿ ಅಂತಾರೆ ಅವರು. ಎಲ್ಲಾ ಹಳೇ ಸೀರೆ, ಹಳೇ ಬಟ್ಟೆ ತುಂಡು, ಅಂಚಿಂದ ಶುರು ಮಾಡಿ ಸುತ್ತ ಹೊಲೀತಾ ನಡುವಿಗೆ ಬರ್ತಾರೆ, ಮೂಲೆಗೆ ಫುಲಾ ಅಂತ ಮಡಚಿದ ಬಟ್ಟೆ ಇಡ್ತಾರೆ, ಎಷ್ಟು ಚಂದ. ಕೈಯಲ್ಲಿ ಹಾಕಿದ ಬಿಡಿಬಿಡಿ ಹೊಲಿಗೆ, ಎಲ್ಲೂ ಬಿಗಿದು ಎಳೆದಿರಲ್ಲ, ಜಗ್ಗೋದು ಸಾಲುಸಾಲಿಗೆ ಹಂಚಿ ಹೋಗ್ತದೆ, ಅಷ್ಟು ಸವೆದ ಬಟ್ಟೆನೂ ತಡೀತದೆ.

ಹಾಗಾಗಿ ಹೊಲಿಯೋಕೆ ಕೊಡುವಾಗ ಗಟ್ಟಿ ದಾರ ಕೇಳ್ಬೇಡಿ, ಸೈಡಿಗೆ ಒಂದು ಇಂಚಾದ್ರೂ ಬಟ್ಟೆ ಬಿಡಿ ಅಂತ ಕೇಳಿ, ರೇಷ್ಮೆಗೆ ಲೈನಿಂಗ್ ಬೇಡ ಅನ್ಬೇಡಿ, ಈಗ ಮೈಗೆ ಆಗ್ತಿರೋ ಬ್ಲೌಸೇ ಅಳತೆಗೆ ತನ್ನಿ. ಚುಚ್ತದೆ ಅಂತ ಸೈಡಿಗೆ ಬಿಟ್ಟ ಒಳಗಿನ ಬಟ್ಟೆ ಮನೇಲಿ ಕತ್ತರಿಸಿ ತಂದ್ರೆ ನಮ್ಮ ಕೈಲೂ ಎಂತ ಮಾಡೋಕಾಗಲ್ಲ. ರೆಡಿಮೇಡಲ್ಲಿ ಸಾಮಾನ್ಯವಾಗಿ ಓವರ್‌ಲಾಕ್ (ಅಂಚು ಕತ್ತರಿಸಿ ಸುತ್ತಿ ಹೊಲಿಯೋದು) ಹೊಡೆದು ಅರ್ಧ ಇಂಚೂ ಬಿಟ್ಟಿರಲ್ಲ, ಕೊಳ್ಳೋವಾಗ್ಲೇ ತಿರುಗಿಸಿ ನೋಡ್ಕೊಳ್ಳಿ.