ಪದ ಪರಿಚಯ: ಷರತ್ತುಬದ್ಧ ಸಹಕಾರಿ

‘ಉಳಿದವರು ಕೊಟ್ಟರೆ ನಾನೂ ಕೊಡುತ್ತೇನೆ, ಅವರು ಕೈ ಬಿಗಿ ಹಿಡಿದರೆ ನಾನೂ ಹಿಡಿಯುತ್ತೇನೆ’ ಎನ್ನುವವರನ್ನು ಪ್ರಾಯೋಗಿಕ ಅರ್ಥಶಾಸ್ತ್ರದಲ್ಲಿ ಷರತ್ತುಬದ್ಧ ಸಹಕಾರಿ ಎನ್ನುತ್ತಾರೆ. ಮನುಷ್ಯ ಹುಟ್ಟಾ ಒಳ್ಳೆಯವನೋ ಸ್ವಾರ್ಥಿಯೋ ಎಂಬ ಹಳೆಯ ಜಗಳದಲ್ಲಿ ಎರಡೂ ಕಡೆಯವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಆಸಾಮಿ ಈತ.

ಈತನನ್ನು ಪತ್ತೆಹಚ್ಚುವ ಆಟ ಹೀಗಿದೆ. ಪರಸ್ಪರ ಪರಿಚಯವಿಲ್ಲದ ನಾಲ್ವರಿಗೆ ತಲಾ 20 ರೂಪಾಯಿ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಸಾಮೂಹಿಕ ಹುಂಡಿಗೆ ಯಾರು ಎಷ್ಟು ಬೇಕಾದರೂ ಹಾಕಬಹುದು. ಹುಂಡಿಯ ಮೊತ್ತವನ್ನು 1.6ರಿಂದ ಗುಣಿಸಿ ನಾಲ್ವರಿಗೂ ಸಮನಾಗಿ ಹಂಚಲಾಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ಪ್ರತಿಯೊಬ್ಬರಿಗೂ 32 ರೂಪಾಯಿ. ಮೂವರು ಹಾಕಿ ಒಬ್ಬ ಹಾಕದಿದ್ದರೆ ಆ ಮೂವರಿಗೆ ತಲಾ 24, ಹಾಕದವನಿಗೆ 44. ಹಾಕಿದ ಪ್ರತಿ ರೂಪಾಯಿಗೆ ಹಾಕಿದವನಿಗೆ ಮರಳುವುದು 40 ಪೈಸೆ ಮಾತ್ರ, ಹಾಗಾಗಿ ಶುದ್ಧ ಸ್ವಾರ್ಥಿ ಬಿಡಿಗಾಸೂ ಹಾಕಬಾರದು.

ಅರ್ಥಶಾಸ್ತ್ರಜ್ಞರಾದ ಫಿಶ್‌ಬಾಖರ್, ಗೆಖ್ಟರ್ ಮತ್ತು ಫೆರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಜಾಣತನವಿತ್ತು. ಉಳಿದ ಮೂವರ ಸರಾಸರಿ 0 ಆದರೆ ನೀವೆಷ್ಟು, 1 ಆದರೆ ಎಷ್ಟು, ಹೀಗೆ 20ರವರೆಗೂ ಆಟಗಾರರಿಂದ ಮೊದಲೇ ಬರೆಸಿಕೊಂಡರು. ಸುಮಾರು ಅರ್ಧದಷ್ಟು ಜನ ಇತರರ ಸರಾಸರಿ ಏರಿದಂತೆ ತಾವೂ ಏರಿಸಿದರು. ಏನೇ ಆದರೂ ಸೊನ್ನೆ ಎಂದವರು ಶೇ 30ರಷ್ಟು. ಆಡಿದ್ದು ಒಂದೇ ಸಲ, ಯಾರು ಯಾರೆಂಬುದೂ ಗೊತ್ತಿಲ್ಲ. ಆದ್ದರಿಂದ ಇದನ್ನು ‘ಇವತ್ತು ಕೊಟ್ಟರೆ ನಾಳೆ ಸಿಕ್ಕೀತು’ ಎಂಬ ವ್ಯವಹಾರ ಬುದ್ಧಿಯೆಂದು ತಳ್ಳಿಹಾಕಲಾಗದು.

ಅದೇ ಆಟವನ್ನು ಹತ್ತು ಸುತ್ತು ಆಡಿಸಿದರೆ ಹುಂಡಿ ಸೊರಗುತ್ತ ಹೋಗುತ್ತದೆ. ಜನ ಬರಬರುತ್ತ ಕೆಟ್ಟರು ಎಂದು ಇದನ್ನು ಓದುವುದು ತಪ್ಪು. ಷರತ್ತುಬದ್ಧ ಸಹಕಾರಿಗಳಲ್ಲಿ ಹೆಚ್ಚಿನವರು ಇತರರ ಸರಾಸರಿಯನ್ನು ಸರಿಗಟ್ಟುವುದಿಲ್ಲ, ಒಂದಿಷ್ಟು ಕಡಿಮೆಯೇ ಹಾಕುತ್ತಾರೆ. ಜೊತೆಗೆ ಬಿಟ್ಟಿ ಕೂತವರು ಸರಾಸರಿಯನ್ನು ಕೆಳಕ್ಕೆ ಎಳೆಯುತ್ತಾರೆ. ಪ್ರತಿ ಸುತ್ತೂ ಹಿಂದಿನದಕ್ಕಿಂತ ತುಸು ಕೆಳಗೆ ನಿಲ್ಲುತ್ತದೆ, ಯಾರ ಸ್ವಭಾವವೂ ಬದಲಾಗದೆ.

ದಂಡ ಹಾಕುವ ಅವಕಾಶ ಕೊಟ್ಟರೆ ಚಿತ್ರ ಬದಲಾಗುತ್ತದೆ. ಫೆರ್ ಮತ್ತು ಗೆಖ್ಟರ್ 2002ರಲ್ಲಿ ವರದಿ ಮಾಡಿದ ಆಟದಲ್ಲಿ, ದಂಡಿಸುವವನು ತನ್ನ 1 ಕಳೆದುಕೊಂಡರೆ ದಂಡಿತನ 3 ಹೋಗುತ್ತಿತ್ತು. ಸ್ವಂತ ಹಣ ಕಳೆದುಕೊಂಡಾದರೂ ಜನ ದಂಡಿಸಿದರು, ಹುಂಡಿ ತುಂಬಿತು. ಆದರೆ ದಂಡವೇ ಮದ್ದು ಎಂದು ಹಿಗ್ಗುವಂತಿಲ್ಲ: 16 ನಗರಗಳಲ್ಲಿ ನಡೆದ ಪ್ರಯೋಗದಲ್ಲಿ (2008) ಮಸ್ಕತ್, ಅಥೆನ್ಸ್‌ನಂಥ ಕಡೆ ಹೆಚ್ಚು ಹಾಕಿದವರಿಗೇ ಸಾಕಷ್ಟು ದಂಡ ಬಿತ್ತು.

ಊರಹಬ್ಬಕ್ಕೆ ವಂತಿಗೆ ಎತ್ತುವವರು ಇದರಿಂದ ತಿಳಿಯಬಹುದಾದದ್ದಿದೆ. ಪಟ್ಟಿಯ ಮೊದಲ ನಾಲ್ಕೈದು ಮೊತ್ತಗಳನ್ನು ನೋಡಿಯೇ ಮುಂದಿನವರು ತಮ್ಮದನ್ನು ನಿರ್ಧರಿಸುತ್ತಾರೆ, ಹಾಗಾಗಿ ಕೈ ಧಾರಾಳವಿರುವ ಮನೆಗಳಿಂದ ಶುರುಮಾಡುವುದು ಒಳ್ಳೆಯದು. ‘ಇನ್ನೂ ಅರ್ಧ ಊರು ಕೊಟ್ಟಿಲ್ಲ’ ಎಂದು ಮೈಕಿನಲ್ಲಿ ಕೂಗುವುದಕ್ಕಿಂತ ಕೊಟ್ಟವರ ಹೆಸರನ್ನು ಓದುವುದು ಮೇಲು.